ಅಶೋಕ ನಗರದ ಮಹಡಿ ಪಾಠ: ಲೆಕ್ಕ ಚೆನ್ನಾಗಿದೆ, ಜಾಗ ಸಾಲದು

ತುಮಕೂರಿನಲ್ಲಿ ಪಿಯುಸಿ ಗಣಿತಕ್ಕೆ ಟ್ಯೂಷನ್ ಹುಡುಕುತ್ತಿದ್ದೀರಾ? ಹಾಗಾದರೆ ಓದಿ. ನನ್ನ ಮಗಳು ಫಸ್ಟ್ ಪಿಯುಸಿ. ನಾನು ಬಟವಾಡಿ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಅಂಕಿ ಕಂಡರೆ ಭಯವಿಲ್ಲ, ಅದರ ಪಕ್ಕ ಎಕ್ಸ್ ಬಂದು ಕೂತರೆ ಮಾತ್ರ ಸ್ವಲ್ಪ ಇದೆ.

ಮೊದಲು ಸೇರಿಸಿದ್ದು ದೊಡ್ಡ ಬೋರ್ಡಿನ ಒಂದು ಕೋಚಿಂಗ್ ಸೆಂಟರ್‌ಗೆ. ಹೆಸರು ಬೇಡ ಬಿಡಿ. ಅಲ್ಲಿ ಪಾಠ ಅಂದರೆ ಜೆರಾಕ್ಸ್ ಹಾಳೆ. ‘ಒಂದು ಮೂಲ 1’ ಅಂತ ಅಚ್ಚಾಗಿರುತ್ತದೆ (ಮೂಲ ಅಂದರೆ ಎಕ್ಸ್ ಜಾಗಕ್ಕೆ ಹಾಕಿದರೆ ಸಮೀಕರಣ ಸೊನ್ನೆಯಾಗುವ ಅಂಕಿ), ಆ 1 ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರವಿಲ್ಲ.

ಆಮೇಲೆ ಸೇರಿಸಿದ್ದು ಅಶೋಕ ನಗರದ ಮಹಡಿ ಪಾಠಕ್ಕೆ. ಇಲ್ಲಿನ ಮೇಷ್ಟ್ರು ಶುರು ಮಾಡುವುದೇ ಆ ಪ್ರಶ್ನೆಯಿಂದ. ಮೊದಲ ದಿನ ಹಿಂದಿನ ಬೆಂಚಿನಲ್ಲಿ ನಾನೂ ಕೂತಿದ್ದೆ. ಬೋರ್ಡಿನ ಮೇಲೆ ಎಕ್ಸ್ ಕ್ಯೂಬ್ ಮೈನಸ್ 7 ಎಕ್ಸ್ ಪ್ಲಸ್ 6 ಅಂತ ಬರೆದು ಸೊನ್ನೆಗೆ ಸಮ ಮಾಡಿದರು. ಪೂರ್ಣಾಂಕದ ಮೂಲ ಇದ್ದರೆ ಅದು ಕೊನೆಯ 6ನ್ನು ಭಾಗಿಸಲೇಬೇಕು. ಹಾಗಾಗಿ 1, 2, 3, 6, ಇವುಗಳ ಮೈನಸ್, ಇಷ್ಟರಲ್ಲೇ ಹುಡುಕಿ ಅಂದರು. 1, −7, 6 ಈ ಸಹಗುಣಕಗಳನ್ನು ಕೂಡಿದರೆ ಸೊನ್ನೆ. ಅಂದರೆ 1 ಒಂದು ಮೂಲ.

ಆಮೇಲೆ ಸಿಂಥೆಟಿಕ್ ಡಿವಿಷನ್, ಅಂದರೆ ಎಕ್ಸ್ ಬರೆಯದೆ ಬರೀ ಸಹಗುಣಕಗಳನ್ನು ಸಾಲಾಗಿಟ್ಟು ಎಕ್ಸ್ ಮೈನಸ್ 1ರಿಂದ ಭಾಗಿಸುವ ಚಿಕ್ಕ ದಾರಿ. ಒಬ್ಬ ಹುಡುಗ 1, −7, 6 ಅಂತ ಬರೆದುಕೊಂಡ. ಎಕ್ಸ್ ಸ್ಕ್ವೇರ್ ಇಲ್ಲವಲ್ಲ, ಅದರ ಜಾಗಕ್ಕೆ ಸೊನ್ನೆ ಹಾಕಬೇಕಿತ್ತು. ಮೇಷ್ಟ್ರು ತಿದ್ದಲಿಲ್ಲ. "ಮಾಡಪ್ಪಾ, ಮುಂದೆ ಮಾಡು" ಅಂದರು. ಅವನಿಗೂ ಶೇಷ ಸೊನ್ನೆಯೇ ಬಂತು! ಭಾಗಲಬ್ಧ ಎಕ್ಸ್ ಮೈನಸ್ 6, ಇನ್ನೊಂದು ಮೂಲ 6 ಅಂತ ಖುಷಿಯಾಗಿ ಹೇಳಿದ. "6 ಹಾಕಿ ನೋಡು." 216ರಲ್ಲಿ 42 ಕಳೆದು 6 ಕೂಡಿದರೆ 180. ಹುಡುಗ ತಲೆ ಕೆರೆದುಕೊಂಡ. ಘನ ಸಮೀಕರಣವನ್ನು ಒಂದು ಸಲ ಭಾಗಿಸಿದರೆ ವರ್ಗ ಉಳಿಯಬೇಕು ಅಲ್ವಾ, ಇಲ್ಲಿ ಎಲ್ಲಿ ಹೋಯ್ತು ಅಂತ ಆಗ ಕೇಳಿದರು. ಸಾಲು ಸರಿ ಮಾಡಿದರು: 1, 0, −7, 6. ಮೊದಲ 1 ಕೆಳಗಿಳಿಸು, ಮೂಲದಿಂದ ಗುಣಿಸು, ಮುಂದಿನದಕ್ಕೆ ಕೂಡು. ಕೆಳಗೆ 1, 1, −6, 0 ಬಂತು. ಉಳಿದ ವರ್ಗ ಸಮೀಕರಣದಿಂದ 2 ಮತ್ತು −3. ನಮ್ಮ ಮಂಡಿಯ ಚೀಟಿ ಲೆಕ್ಕಕ್ಕಿಂತ ಸುಲಭ, ನಿಜ ಹೇಳಬೇಕೆಂದರೆ.

2ಎಕ್ಸ್ ಮೈನಸ್ 1ರಿಂದ ಭಾಗಿಸುವಾಗ ಅರ್ಧವನ್ನು ಇಟ್ಟು ಮಾಡಿ, ಬಂದ ಭಾಗಲಬ್ಧವನ್ನು 2ರಿಂದ ಭಾಗಿಸಬೇಕು ಅನ್ನುವುದನ್ನೂ ಬಿಡದೆ ಹೇಳಿಕೊಡುತ್ತಾರೆ. √3 ಮತ್ತು −√3 ಮೂಲಗಳು ಅಂತ ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಸಿಂಥೆಟಿಕ್ ಕಡೆ ಹೋಗುವುದೇ ಇಲ್ಲ. ಎರಡೂ ಅಪವರ್ತನ ಗುಣಿಸಿ ಎಕ್ಸ್ ಸ್ಕ್ವೇರ್ ಮೈನಸ್ 3 ಮಾಡಿ, ಹಳೇ ಉದ್ದ ಭಾಗಾಕಾರವನ್ನೇ ಮಾಡಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು.

ತಕರಾರೂ ಇದೆ. ಒಂದೇ ಕೋಣೆ, ಮಕ್ಕಳು ಜಾಸ್ತಿ. ಕರೆಂಟ್ ಹೋದರೆ ಫ್ಯಾನಿಲ್ಲ. ಮೆಟ್ಟಿಲ ಮೇಲೆಲ್ಲಾ ಚಪ್ಪಲಿ. ಮೇಷ್ಟ್ರಿಗೆ ಕಥೆಯ ಚಟ ಬೇರೆ. ಈ ಸಿಂಥೆಟಿಕ್ ವಿಧಾನಕ್ಕೆ ಇಟಲಿಯ ರುಫಿನಿ, ಇಂಗ್ಲೆಂಡಿನ ಹಾರ್ನರ್ ಇಬ್ಬರ ಹೆಸರೂ ಅಂಟಿಕೊಂಡಿದೆ, ಹಾರ್ನರ್ ಬರೆದದ್ದು 1819ರಲ್ಲಿ ಅಂತ ಶುರುವಾದರೆ ಗಡಿಯಾರ ನೋಡುವುದಿಲ್ಲ. ಮಗಳಿಗೆ ಅದೇ ಇಷ್ಟ, ನನಗೆ ಕತ್ತಲಾಗುವುದರ ಚಿಂತೆ. ಸಿಇಟಿಗೆ ಬೇಕಾದ ಸ್ಪೀಡೂ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಕಡೆ ನೋಡಿಕೊಳ್ಳಿ.

ಫೀಸು ತಿಂಗಳಿಗೆ 800 ರೂಪಾಯಿ, ಕ್ಯಾಶ್ ಮಾತ್ರ. ಸೀಟು ಕೇಳಲು ಸಂಜೆ ಹೋಗಿ. ಮಧ್ಯಾಹ್ನ ಮೇಷ್ಟ್ರು ಮಲಗಿರುತ್ತಾರೆ, ಬಾಗಿಲು ತೆಗೆಯುವುದಿಲ್ಲ.