ಹಳೆಯ ಸಾಲ ತೀರಿಸಲು ಒಡವೆ ಸಾಲ: ದಾವಣಗೆರೆಯ ಒಂದು ಬ್ಯಾಂಕ್ ಶಾಖೆಯ ಸೇವೆ

ಮದುವೆಗೋ ಆಸ್ಪತ್ರೆಗೋ ಮಾಡಿದ ಹಳೆಯ ಸಾಲಗಳನ್ನು ತೀರಿಸುವುದಕ್ಕೆಂದೇ ಒಡವೆ ಅಡವಿಡಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಕುಟುಂಬಗಳಿಗೆ ಉಪಯೋಗವಾಗಲೆಂದು, ನಮ್ಮ ಮನೆಗೆ ಹತ್ತಿರವಿರುವ ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರ ಶಾಖೆಯಲ್ಲಿ ಚಿನ್ನದ ಸಾಲದ ಸೇವೆ ಹೇಗಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಾಲ ಪಡೆದು ಒಂದು ವರ್ಷ ಕಳೆದಿದೆ. ನಾವು ತೆರೆದ ಎರಡು ಖಾತೆಗಳಲ್ಲಿ ಒಂದು ಮುಗಿದು ಅದರ ಒಡವೆ ಮನೆಗೆ ಬಂದಿದೆ, ಇನ್ನೊಂದು ಇನ್ನೂ ನಡೆಯುತ್ತಿದೆ. ಬಡ್ಡಿ ಕಡಿಮೆಯೆಂಬ ಕಾರಣಕ್ಕೆ ಈ ಸಾಲ ಒಳ್ಳೆಯದೇ. ಆದರೆ ತಿಂಗಳು ತಿಂಗಳು ಅಸಲಿಗೆ ಹಣ ಕಟ್ಟುವ ಏರ್ಪಾಡನ್ನು ಮನೆಯವರೇ ಮಾಡಿಕೊಳ್ಳದಿದ್ದರೆ ಇದೇ ಸಾಲ ಒಡವೆಯನ್ನು ವರ್ಷಗಟ್ಟಲೆ ಬ್ಯಾಂಕಿನಲ್ಲೇ ಉಳಿಸಿಬಿಡುತ್ತದೆ.

ಮಾವನವರ ಹೃದಯದ ಚಿಕಿತ್ಸೆಯ ಸಮಯದಲ್ಲಿ ಕ್ರೆಡಿಟ್ ಕಾರ್ಡಿನ ಮೇಲೆ 1,20,000 ರೂಪಾಯಿ ಬಾಕಿ ಬೆಳೆದಿತ್ತು. ಪರಿಚಯದವರೊಬ್ಬರಿಂದ ತಂದ 80,000 ರೂಪಾಯಿ ಕೈಸಾಲ ಬೇರೆ. ಕಾರ್ಡಿಗೆ ತಿಂಗಳಿಗೆ ಶೇ 3.5ರ ಬಡ್ಡಿ, ಅಂದರೆ 4,200 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಪ್ರತ್ಯೇಕ. ಕೈಸಾಲ ನೂರಕ್ಕೆ ಮೂರು ರೂಪಾಯಿ ಬಡ್ಡಿಯದು, ಅದಕ್ಕೆ ತಿಂಗಳಿಗೆ 2,400 ರೂಪಾಯಿ. ಹೀಗೆ ತೆರಿಗೆ ಬಿಟ್ಟು ತಿಂಗಳಿಗೆ 6,600 ರೂಪಾಯಿ ಬರೀ ಬಡ್ಡಿಗೆ ಹೋಗುತ್ತಿತ್ತು, ಅಸಲು ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ಬ್ಯಾಂಕು ಒಡವೆಯ ಮೇಲೆ ಕೊಟ್ಟ 2 ಲಕ್ಷ ರೂಪಾಯಿಗೆ ದರ ವರ್ಷಕ್ಕೆ ಶೇ 9. ಮೊದಲ ತಿಂಗಳ ಬಡ್ಡಿ 1,500 ರೂಪಾಯಿ. ಈ ವ್ಯತ್ಯಾಸವೊಂದನ್ನೇ ನೋಡಿದರೂ, ದುಬಾರಿ ಸಾಲಗಳನ್ನು ಕೂಡಲೇ ಮುಗಿಸಿ ಒಂದೇ ಕಡೆ ಕಟ್ಟುವುದು ಎಷ್ಟು ಹಗುರವೆಂದು ತಿಳಿಯುತ್ತದೆ.

ಆದರೂ ಮನೆಯಲ್ಲಿ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಬಳೆಗಳು ನನ್ನವು, ಎರಡೆಳೆ ಸರ ಅತ್ತೆಯವರದು. ಸಾಲಕ್ಕಿಂತ ಹೆಚ್ಚಾಗಿ, ಬಂಧುಗಳ ಮದುವೆಗೆ ಬರಿಗೊರಳಲ್ಲಿ ಹೋದರೆ ನಾಲ್ಕು ಜನ ಏನೆಂದಾರು ಎಂಬುದೇ ಅವರ ಸಂಕಟವಾಗಿತ್ತು. ಅದನ್ನು ಹಳೆಯ ಕಾಲದ ಚಿಂತೆಯೆಂದು ತಳ್ಳಿಹಾಕುವುದು ನನಗೆ ಸರಿಯೆನಿಸಲಿಲ್ಲ. ಅವರು ಮೂವತ್ತು ನಲವತ್ತು ವರ್ಷ ಜೋಪಾನ ಮಾಡಿದ ಒಡವೆ ಅದು. ಕೊನೆಗೆ ನನ್ನ ಬಳೆಗಳನ್ನು ಒಂದು ಖಾತೆಗೆ, ಅವರ ಸರವನ್ನು ಇನ್ನೊಂದು ಖಾತೆಗೆ ತಲಾ ಒಂದು ಲಕ್ಷಕ್ಕೆ ಇಟ್ಟು, ಅವರ ಸರದ ಖಾತೆಯನ್ನೇ ಮೊದಲು ತೀರಿಸುವುದೆಂದು ಮಾತಾಯಿತು. ಹೀಗೆ ಸಾಲವನ್ನು ಎರಡು ಖಾತೆಗಳಾಗಿ ಪಡೆಯುವುದು ಈ ಸೇವೆಯಲ್ಲಿ ಬಹಳ ಉಪಯುಕ್ತವಾದ ಅವಕಾಶ. ಎಲ್ಲ ಒಡವೆಯನ್ನೂ ಒಂದೇ ಖಾತೆಗೆ ಕಟ್ಟಿದರೆ, ಅರ್ಧ ಸಾಲ ತೀರಿದ ಮೇಲೂ ಒಡವೆ ಬಿಡಿಸಿಕೊಳ್ಳುವುದು ತೊಡಕಾಗಬಹುದು. ಶಾಖೆಯವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ.

ತೂಕ ಮತ್ತು ಪರೀಕ್ಷೆಯ ವಿಷಯದಲ್ಲಿ ಶಾಖೆಯ ನಡವಳಿಕೆ ಮೆಚ್ಚುವಂತಿದೆ. ಚಿನ್ನವನ್ನು ಪರೀಕ್ಷಿಸಿ ಬೆಲೆ ಕಟ್ಟುವ ಅಪ್ರೈಸರ್ ನಮ್ಮ ಎದುರಿನಲ್ಲೇ ಒರೆಗಲ್ಲಿಗೆ ಉಜ್ಜಿ ನೋಡಿ, ತಕ್ಕಡಿಯ ಅಂಕಿಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದರು. ಕಲ್ಲು, ಅರಗು, ಕರಿಮಣಿಗಳ ತೂಕವನ್ನು ಕಳೆದು ಉಳಿದ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುತ್ತಾರೆ. ಅಂಗಡಿಯಲ್ಲಿ ಕೊಟ್ಟ ಮಜೂರಿಗೆ ಇಲ್ಲಿ ಲೆಕ್ಕವಿಲ್ಲ. ಆದ್ದರಿಂದ ಒಡವೆ ಕೊಂಡ ರಸೀದಿಯಲ್ಲಿರುವ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗೆ ನಿರಾಸೆಯಾಗಬಹುದು. ಕಟ್ಟಿದ ಬೆಲೆಯಲ್ಲಿ ಎಷ್ಟು ಪಾಲು ಸಾಲ ಕೊಡಬಹುದೆಂಬುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯಿದೆ. 2025ರ ಜೂನ್‌ನಲ್ಲಿ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕೆಂದು ಹೇಳಿದ ನಿರ್ದೇಶನಗಳಂತೆ 2.5 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 85, ಅದಕ್ಕಿಂತ ಮೇಲೆ 5 ಲಕ್ಷದವರೆಗೆ ಶೇ 80, ಅದನ್ನೂ ಮೀರಿದರೆ ಶೇ 75. ಸಿಗುವಷ್ಟನ್ನೂ ತೆಗೆದುಕೊಳ್ಳಬೇಕೆಂದೇನಿಲ್ಲ. ಚಿನ್ನದ ಬೆಲೆ ಇಳಿದಾಗ ಇನ್ನಷ್ಟು ಹಣ ಕಟ್ಟಿ ಎಂದು ಬ್ಯಾಂಕಿನಿಂದ ಕರೆ ಬರಬಾರದೆಂದರೆ ಮಿತಿಗಿಂತ ಸಾಕಷ್ಟು ಕೆಳಗೇ ನಿಲ್ಲುವುದು ಒಳ್ಳೆಯದು, ನಾವೂ ಹಾಗೆಯೇ ಮಾಡಿದೆವು.

ಕಾಗದಪತ್ರಗಳ ಪೈಕಿ ಬಿಡದೆ ಓದಬೇಕಾದದ್ದು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ವಿವರಪಟ್ಟಿ. 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳು ಪಡೆಯುವ ಹೊಸ ಚಿಲ್ಲರೆ (ರಿಟೇಲ್) ಅವಧಿ ಸಾಲಗಳೆಲ್ಲಕ್ಕೂ ಇದನ್ನು ಕೊಡಬೇಕೆಂಬ ನಿಯಮವಿದೆ. ಬಡ್ಡಿ, ಪರೀಕ್ಷಾ ಶುಲ್ಕ, ಸಂಸ್ಕರಣಾ ಶುಲ್ಕ ಎಲ್ಲವನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಬೇರೆ ಬೇರೆ ಕಡೆಯ ಸಾಲಗಳನ್ನು ಹೋಲಿಸುವುದಕ್ಕೆ ನಂಬಬಹುದಾದ ಅಂಕಿ ಅದೇ.

ಇನ್ನು ಈ ಸಾಲದ ಮುಖ್ಯ ಅಪಾಯ. ನಮಗೆ ಕೊಟ್ಟದ್ದು ಹನ್ನೆರಡು ತಿಂಗಳ ಕೊನೆಗೆ ಅಸಲು, ಬಡ್ಡಿ ಎರಡನ್ನೂ ಒಟ್ಟಿಗೆ ಕಟ್ಟುವ ಸಾಲ. ನಡುವೆ ಯಾವ ಕಂತೂ ಇಲ್ಲ, ಕಂತಿಲ್ಲದ್ದರಿಂದ ನೆನಪಿಸುವವರೂ ಇಲ್ಲ. ಸಂಸಾರದಲ್ಲಿ ಕೇಳುವವರಿಲ್ಲದ ಹಣ ಉಳಿಯುವುದಿಲ್ಲ. ಶಾಲೆಯ ಶುಲ್ಕ, ಹಬ್ಬ, ಗಾಡಿಯ ರಿಪೇರಿ ಎಂದು ಅದಕ್ಕೆ ನೂರು ದಾರಿ. ವರ್ಷದ ಕೊನೆಗೆ 2 ಲಕ್ಷದ ಜೊತೆಗೆ 18,000ಕ್ಕಿಂತ ಹೆಚ್ಚು ಬಡ್ಡಿ ಎದುರು ನಿಂತಾಗ, ಬಡ್ಡಿಯನ್ನಷ್ಟೇ ಕಟ್ಟಿ ಸಾಲವನ್ನು ನವೀಕರಿಸಿಕೊಳ್ಳಿ ಎಂಬ ಸಲಹೆ ಕೌಂಟರಿನಲ್ಲೇ ಸಿಗುತ್ತದೆ. ಹಾಗೆ ನವೀಕರಿಸಿದವರಿಗೆ ಅಸಲು ಹಾಗೆಯೇ ಇರುತ್ತದೆ, ಒಡವೆಯೂ ಅಲ್ಲಿಯೇ ಇರುತ್ತದೆ, ಮುಂದಿನ ವರ್ಷವೂ ಅದೇ ಮಾತು. ಬಾಕಿಗೆ ತಕ್ಕಂತೆ ತಿಂಗಳ ಕಂತು ನಿಗದಿಪಡಿಸುವ ಸಾಲವೂ ಕೆಲವು ಬ್ಯಾಂಕುಗಳಲ್ಲಿದೆ. ಸಂಬಳದ ಮನೆಗಳಿಗೆ ಅದೇ ಸರಿಯಾದದ್ದೆಂದು ನನ್ನ ಖಚಿತ ಅಭಿಪ್ರಾಯ, ಮತ್ತು ಬ್ಯಾಂಕುಗಳು ಅದನ್ನೇ ಮೊದಲು ಹೇಳಬೇಕು.

ನಮ್ಮ ಶಾಖೆಯಲ್ಲಿ ಆ ಬಗೆ ಇರಲಿಲ್ಲವಾದ್ದರಿಂದ ನಾವೇ ತಿಂಗಳಿಗೆ 10,000 ರೂಪಾಯಿ ಎಂದು ನಿಗದಿಮಾಡಿಕೊಂಡೆವು. ಮೊದಲು ಬಡ್ಡಿಗೆ ಹೋಗುತ್ತಿದ್ದ 6,600 ರೂಪಾಯಿ ಹೇಗೂ ಇತ್ತು, ಉಳಿದ 3,400 ರೂಪಾಯಿಯನ್ನು ಮನೆಯ ಖರ್ಚಿನಿಂದ ಹೊಂದಿಸಬೇಕಾಯಿತು. ಭಾನುವಾರದ ಬೆಣ್ಣೆ ದೋಸೆ ಪಾರ್ಸಲ್ ನಿಂತಿತು. ಮಗಳು ಅದನ್ನು ತಾನಾಗಿ ಬಿಟ್ಟಳು, ನಾವು ಹೇಳಬೇಕಾಗಲಿಲ್ಲ. ನಾನು ಕೆಲಸಕ್ಕೆ ಆಟೊ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಹೋಗತೊಡಗಿದೆ, ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟಿಗೆ ಹಣವಿಲ್ಲ. ಅತ್ತೆಯವರು ತಮ್ಮ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಅದರಲ್ಲಿ ಔಷಧಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಯಜಮಾನರ ಕೈಗೆ ಕೊಡುತ್ತಿದ್ದರು. ಸಂಬಳ ಬಂದ ಮರುದಿನವೇ ಹಣ ಸಾಲದ ಖಾತೆಗೆ ಹೋಗಬೇಕೆಂಬುದು ಮನೆಯ ಕಟ್ಟುನಿಟ್ಟಾಗಿತ್ತು. ಹೀಗೆ ಕಟ್ಟಿದಾಗ ವರ್ಷದ ಕೊನೆಗೆ 2 ಲಕ್ಷದ ಬಾಕಿ ಸುಮಾರು 93,700 ರೂಪಾಯಿಗೆ ಇಳಿಯಿತು. ಉಳಿದದ್ದನ್ನು ಬಳೆಗಳ ಖಾತೆಯಲ್ಲಿ ನವೀಕರಿಸಿ, ಅದೇ 10,000 ರೂಪಾಯಿಯನ್ನು ಮುಂದುವರಿಸಿದ್ದೇವೆ. ಎರಡನೆಯ ವರ್ಷ ಪೂರ್ತಿಯಾಗುವ ಮೊದಲೇ ಎಲ್ಲವೂ ತೀರುತ್ತದೆ.

ಶಾಖೆಯ ಕೊರತೆಗಳೂ ಇವೆ. ಅಪ್ರೈಸರ್ ಬ್ಯಾಂಕಿನ ನೌಕರರಲ್ಲದ್ದರಿಂದ ದಿನದ ಕೆಲವು ಗಂಟೆ ಮಾತ್ರ ಇರುತ್ತಾರೆ, ಅವರ ವೇಳೆಯನ್ನು ಎಲ್ಲಿಯೂ ಬರೆದು ಹಾಕಿಲ್ಲ. ಕೆಲಸಕ್ಕೆ ರಜೆ ಹಾಕಿ ಬಂದವರು ಕಾದು ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಕಟ್ಟಿದ ಹಣದಲ್ಲಿ ಬಡ್ಡಿಗೆಷ್ಟು, ಅಸಲಿಗೆಷ್ಟು ಹೋಯಿತೆಂಬುದು ಮೊಬೈಲ್ ಆ್ಯಪ್‌ನಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಪ್ರತಿ ಬಾರಿ ವಿವರಪಟ್ಟಿ ಕೇಳಿ ಪಡೆಯಬೇಕು. ಎಲ್ಲಕ್ಕಿಂತ ನನಗೆ ಬೇಸರ ತಂದದ್ದು, ಸಹಿ ಹಾಕುವ ಒಪ್ಪಂದ ಪೂರ್ತಿ ಇಂಗ್ಲಿಷಿನಲ್ಲಿದ್ದದ್ದು. ಸಾಲದ ಷರತ್ತುಗಳು ಸ್ಥಳೀಯ ಭಾಷೆಯಲ್ಲಿ ಅಥವಾ ಸಾಲಗಾರರು ಬಯಸಿದ ಭಾಷೆಯಲ್ಲಿರಬೇಕೆಂದು ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನಗಳೇ ಹೇಳುತ್ತವೆ. ತಮ್ಮ ಸರವನ್ನು ಕೊಡುತ್ತಿರುವ ನಮ್ಮ ಅತ್ತೆಯಂಥವರಿಗೆ ಏನು ಬರೆದಿದೆಯೆಂದು ತಾವೇ ಓದಿಕೊಳ್ಳುವ ಹಕ್ಕಿದೆ, ಅದನ್ನು ಕೇಳಿ ಪಡೆಯಬೇಕು.

ಖಾಸಗಿ ಚಿನ್ನದ ಸಾಲದ ಕಂಪನಿಗಳಲ್ಲಿ ಕೆಲಸ ಬೇಗ ಆಗುತ್ತದೆ, ಆದರೆ ಬಡ್ಡಿಯ ದರ ಸಾಮಾನ್ಯವಾಗಿ ಹೆಚ್ಚು. ಅಲ್ಲದೆ ಕೆಲವು ಯೋಜನೆಗಳಲ್ಲಿ ತಿಂಗಳ ಬಡ್ಡಿ ತಪ್ಪಿದರೆ ದರವೇ ಮೇಲಿನ ಹಂತಕ್ಕೆ ಏರುತ್ತದೆ. ಜಾಹೀರಾತಿನಲ್ಲಿ ಕಾಣುವುದು ಕೆಳಗಿನ ಹಂತದ ದರ. ಗಿರವಿ ಅಂಗಡಿಯವರಿಗೆ 1961ರ ರಾಜ್ಯ ಕಾಯ್ದೆಯಂತೆ ಪರವಾನಗಿ ಇರಬೇಕು. ಪರವಾನಗಿಯಿದ್ದರೂ ಎರಡು ವರ್ಷ ಹಿಡಿಯುವ ಇಂಥ ತೀರುವಳಿಗೆ ಅದು ಹೊಂದುವುದಿಲ್ಲ.

ತಿಂಗಳ ವರಮಾನ ಖಚಿತವಾಗಿದ್ದು, ಎರಡು ಮೂರು ರೂಪಾಯಿ ಬಡ್ಡಿಯ ಸಾಲ ಅಥವಾ ಕಾರ್ಡಿನ ಬಾಕಿ ಇರುವ ಮನೆಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ವರಮಾನ ಮಳೆ ಬೆಳೆಯನ್ನೋ ವ್ಯಾಪಾರವನ್ನೋ ನಂಬಿದ್ದರೆ ಮೊತ್ತವನ್ನು ಇನ್ನಷ್ಟು ಕಡಿಮೆ ಇಟ್ಟುಕೊಳ್ಳಬೇಕು. ಕಾರ್ಡಿನ ಬಾಕಿ ತೀರಿದೊಡನೆ ಮತ್ತೆ ಅದೇ ಕಾರ್ಡನ್ನು ಉಜ್ಜುವ ಸಂಭವವಿದ್ದರೆ ಕಾರ್ಡನ್ನು ಮುಚ್ಚಿಸಿಯೇ ಮುಂದುವರಿಯಬೇಕು, ಇಲ್ಲದಿದ್ದರೆ ಒಡವೆಯೂ ಹೋಗಿ ಸಾಲವೂ ಎರಡಾಗುತ್ತದೆ.

ಒಡವೆ ಬಿಡಿಸಿಕೊಳ್ಳುವ ದಿನದ ಬಗ್ಗೆ ಒಂದು ಸೂಚನೆ. ಮೊಹರು ಒಡೆಯುವ ಮೊದಲು ಪ್ಯಾಕೆಟ್ಟಿನ ಮೇಲಿನ ಸಹಿಯನ್ನು ನೋಡಿ, ಒಡವೆಯನ್ನು ಅಲ್ಲಿಯೇ ತೂಗಿಸಿ, ಅಡವಿಟ್ಟಾಗ ಕೊಟ್ಟ ಚೀಟಿಯ ತೂಕದೊಡನೆ ಹೋಲಿಸಿಕೊಳ್ಳಬೇಕು. ಸಾಲ ಪೂರ್ತಿ ತೀರಿದ ಮೇಲೆ ಅದೇ ದಿನ ಅಥವಾ ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಹೊಸ ನಿರ್ದೇಶನಗಳಲ್ಲಿದೆ. ನಮಗೆ ಅತ್ತೆಯವರ ಸರ ಅದೇ ದಿನ ಸಿಕ್ಕಿತು. ಬಾಕಿಯಿಲ್ಲವೆಂಬ ಪತ್ರವನ್ನು ಬರಹದಲ್ಲಿ ಪಡೆದು, ಒಂದೆರಡು ತಿಂಗಳ ನಂತರ ನಮ್ಮ ಸಾಲಗಳ ದಾಖಲೆಯಿರುವ ಸಿಬಿಲ್ ವರದಿಯಲ್ಲಿ ಆ ಖಾತೆ ಮುಚ್ಚಿದೆಯೆಂದು ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ.