ಎಸಿ ಮೇಲಿನ ಸ್ಟಾರ್ ಸ್ಟಿಕರ್: ಮಾರುವವನು ಬರೆದ ವಿಮರ್ಶೆ

ಎಸಿಗಳ ವಿಮರ್ಶೆ ಬೇಕಾದಷ್ಟು ಸಿಗುತ್ತವೆ. ಅದರ ಮೈಮೇಲೆ ಅಂಟಿಸಿರುವ ಸ್ಟಾರ್ ಸ್ಟಿಕರ್ ಹೇಗಿದೆ ಅಂತ ಯಾರೂ ಬರೆದದ್ದು ನಾನು ಕಂಡಿಲ್ಲ. ನನ್ನ ಹೊಟ್ಟೆಪಾಡು ನಡೆಯುವುದೇ ಆ ಸ್ಟಿಕರ್ ಮೇಲೆ. ಕಲಬುರಗಿಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾನು ಕಂಪನಿಯೊಂದರ ಪ್ರಮೋಟರ್. ಅಂದರೆ ಸಂಬಳ ಕಂಪನಿಯದು, ನಿಲ್ಲುವ ಜಾಗ ಅಂಗಡಿಯವರದು, ಟಾರ್ಗೆಟ್ ಕೇಳುವುದು ಮಾತ್ರ ಇಬ್ಬರೂ. ಬೇಸಿಗೆಯಲ್ಲಿ ಎಸಿ, ಚಳಿಗಾಲದಲ್ಲಿ ಗೀಸರ್. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನದೆಲ್ಲ ಜಾಹೀರಾತಾಗಿ ಕಾಣುತ್ತದೆ.

ತೀರ್ಪು ಮೊದಲೇ ಕೊಟ್ಟುಬಿಡುತ್ತೇನೆ. ಸ್ಟಿಕರ್‌ಗೆ ಐದಕ್ಕೆ ಮೂರೂವರೆ. ಅದರಲ್ಲಿ ಕೆಳಗಿರುವ ಸಣ್ಣ ಅಂಕಿಗಳಿಗೆ ಪೂರ್ತಿ ಐದು, ಮೇಲಿರುವ ದೊಡ್ಡ ಸ್ಟಾರ್‌ಗಳಿಗೆ ಎರಡೇ ಎರಡು.

ನಮ್ಮೂರಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿಯುತ್ತಿದ್ದಂತೆ ಸೀಸನ್ ಶುರು. ಜೇವರ್ಗಿ ಕಡೆಯಿಂದ, ಸೇಡಂ ಕಡೆಯಿಂದ, ಆಳಂದದಿಂದ ಜನ ಬರುತ್ತಾರೆ. ಬಂದವರ ಮೊದಲ ಮಾತು ಬೆಲೆಯದಲ್ಲ. ಬೆರಳಿಟ್ಟು ಸ್ಟಾರ್ ಎಣಿಸುತ್ತಾರೆ. "ಐದ್ ಸ್ಟಾರಿಂದು ಎಷ್ಟದ್ರಿ? ಮೂರರದ್ದು ಎಷ್ಟದ್ರಿ?" ಆಮೇಲೆ ನಡುವಿನ ವ್ಯತ್ಯಾಸ ಕೇಳಿ ಹೆಂಡತಿಯ ಮುಖ ನೋಡುತ್ತಾರೆ. ಸ್ಟಿಕರ್‌ನ ಕೆಳಗಿನ ಅರ್ಧವನ್ನು ಓದಿದ ಗಿರಾಕಿ ಬಂದರೆ ನಾವು ಪ್ರಮೋಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ಅಂಥವರು ಸಾಮಾನ್ಯವಾಗಿ ಲೆಕ್ಚರರ್ ಇರುತ್ತಾರೆ, ಇಲ್ಲವೇ ಬ್ಯಾಂಕಿನವರು.

ಈ ಸ್ಟಿಕರ್ ಕೊಡುವುದು ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ನಮ್ಮ ಭಾಷೆಯಲ್ಲಿ ಬಿಇಇ. 2006ರಲ್ಲಿ ಸ್ಟಾರ್ ಹಾಕುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದಾಗಿತ್ತು, 2010ರಿಂದ ಎಸಿಗೆ ಕಡ್ಡಾಯ. 2018ರಿಂದ ಸ್ಟಾರ್ ಎಷ್ಟು ಎಂಬುದನ್ನು ತೀರ್ಮಾನಿಸುವುದು ಐಎಸ್‌ಇಇಆರ್ ಅನ್ನೋ ಒಂದು ಅಂಕಿ. ಒಂದು ಯೂನಿಟ್ ಕರೆಂಟ್ ತಿಂದು ಎಸಿ ಎಷ್ಟು ಯೂನಿಟ್ ಶಾಖವನ್ನು ಕೋಣೆಯಿಂದ ಹೊರಹಾಕುತ್ತದೆ, ಅದೂ ಇಡೀ ಸೀಸನ್‌ನ ಸರಾಸರಿಯಲ್ಲಿ, ಎಂಬುದು ಆ ಅಂಕಿ. 5 ಇದ್ದರೆ ಒಂದಕ್ಕೆ ಐದು. ಇಷ್ಟೇ. ಟ್ರೈನಿಂಗ್‌ನಲ್ಲಿ ಇದನ್ನೇ ಒಂದಿಡೀ ದಿನ ಸ್ಲೈಡ್ ಹಾಕಿ ಹೇಳುತ್ತಾರೆ.

ಸ್ಟಾರ್‌ಗಳಿಗೆ ನಾನು ಎರಡೇ ಕೊಟ್ಟಿದ್ದಕ್ಕೆ ಮೊದಲ ಕಾರಣ, ಅವು ಒಂದು ಕಡೆ ನಿಲ್ಲುವುದಿಲ್ಲ. 2018ರ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ 4.5 ಬಂದರೆ ಐದು ಸ್ಟಾರ್. 2022ರ ಜುಲೈಯಿಂದ ಐದು ಸ್ಟಾರ್‌ಗೆ 5 ಬೇಕಾಯಿತು, ಅದೇ 4.5ರ ಯಂತ್ರ ನಾಲ್ಕು ಸ್ಟಾರ್‌ಗೆ ಇಳಿಯಿತು. 2026ರ ಜನವರಿಯಿಂದ ಮತ್ತೊಮ್ಮೆ ಬಿಗಿ ಮಾಡಿದ್ದಾರೆ. ಬಿಗಿ ಮಾಡುವುದು ತಪ್ಪಲ್ಲ, ಇಲ್ಲದಿದ್ದರೆ ಕಂಪನಿಗಳು ಹಳೇ ಕಂಪ್ರೆಸರ್‌ನಲ್ಲೇ ಕಾಲ ಕಳೆಯುತ್ತವೆ. ಆದರೆ ಗಿರಾಕಿಗೆ ಇದು ಗೊತ್ತೇ ಇರುವುದಿಲ್ಲ. ಪಟ್ಟಿ ಬದಲಾದ ಹೊಸದರಲ್ಲಿ ಅಂಗಡಿಯಲ್ಲಿ ಹಳೇ ಸ್ಟಾಕೂ ಇರುತ್ತದೆ, ಹೊಸದೂ ಇರುತ್ತದೆ. ಹಳೆಯ ಐದು ಸ್ಟಾರ್ ಸ್ವಲ್ಪ ಅಗ್ಗಕ್ಕೆ ಸಿಕ್ಕರೆ ಜನ ಗೆದ್ದೆವು ಅಂದುಕೊಳ್ಳುತ್ತಾರೆ. ಸ್ಟಿಕರ್ ಮೇಲೆ ಲೇಬಲ್ ಅವಧಿ ಎಲ್ಲಿಂದ ಎಲ್ಲಿಯವರೆಗೆ ಅಂತ ಅಚ್ಚಾಗಿರುತ್ತದೆ. ಅದನ್ನು ಮೊದಲು ನೋಡಿ.

ಎರಡನೆಯದು ಇನ್ನೂ ಕೆಟ್ಟದ್ದು. ವಿಂಡೋ ಎಸಿಗೂ ಸ್ಪ್ಲಿಟ್ ಎಸಿಗೂ ಸ್ಟಾರ್ ಪಟ್ಟಿಯೇ ಬೇರೆ. 2022ರ ಪಟ್ಟಿಯಲ್ಲಿ ವಿಂಡೋ ಎಸಿಗೆ 3.5 ಬಂದರೆ ಐದು ಸ್ಟಾರ್. ಅದೇ 3.5 ಸ್ಪ್ಲಿಟ್‌ನಲ್ಲಿ ಎರಡು ಸ್ಟಾರ್! ಎರಡರ ಮೇಲೂ ನೋಡಲಿಕ್ಕೆ ಒಂದೇ ಥರದ ಸ್ಟಿಕರ್. ಬಾಡಿಗೆ ಮನೆಯವರು ಬಿಚ್ಚಿ ಒಯ್ಯಲಿಕ್ಕೆ ಸುಲಭ ಅಂತ ವಿಂಡೋ ಕೇಳುತ್ತಾರೆ, ಐದು ಸ್ಟಾರ್ ನೋಡಿ ಖುಷಿಯಾಗುತ್ತಾರೆ, ಪಕ್ಕದ ಮೂರು ಸ್ಟಾರ್ ಸ್ಪ್ಲಿಟ್ ಅದಕ್ಕಿಂತ ಕಡಿಮೆ ಕರೆಂಟ್ ತಿನ್ನುತ್ತದೆ ಅಂದರೆ ನಂಬುವುದೇ ಇಲ್ಲ. ಸ್ಪ್ಲಿಟ್ ಮಾರಲು ನಾನೇ ಕಥೆ ಕಟ್ಟುತ್ತಿದ್ದೇನೆ ಅನ್ನೋ ಹಾಗೆ ನೋಡುತ್ತಾರೆ.

ಇನ್ನು ಐದಕ್ಕೆ ಐದು ಕೊಟ್ಟ ಅಂಕಿಗಳ ವಿಚಾರ. ನಾನು ನೋಡುವುದು ಎರಡೇ ಸಾಲು.

ಒಂದು, ಕೂಲಿಂಗ್ ಕೆಪ್ಯಾಸಿಟಿ, ವ್ಯಾಟ್‌ನಲ್ಲಿ. ಒಂದು ಟನ್ ಅಂದರೆ ಸುಮಾರು 3500 ವ್ಯಾಟ್, ಒಂದೂವರೆ ಟನ್ ಅಂದರೆ ಸುಮಾರು 5275 ಬರಬೇಕು. ಡಬ್ಬಿಯ ಮೇಲೆ ಒಂದೂವರೆ ಟನ್ ಅಂತ ಬರೆದ ಎಸಿಗಳ ಸ್ಟಿಕರ್ ಓದುತ್ತಾ ಹೋಗಿ. ಒಂದರಲ್ಲಿ 4800 ಇರುತ್ತದೆ, ಇನ್ನೊಂದರಲ್ಲಿ 5000, ಮತ್ತೊಂದರಲ್ಲಿ 5200. ಎಲ್ಲವೂ ಒಂದೂವರೆ ಟನ್ ಹೆಸರಲ್ಲೇ ಮಾರಾಟ. ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್ ಇರುವ, ಪಶ್ಚಿಮಕ್ಕೆ ಗೋಡೆ ಇರುವ ನಮ್ಮೂರ ಮನೆಯಲ್ಲಿ ಆ 400 ವ್ಯಾಟ್ ಕಡಿಮೆಯಾದದ್ದು ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಗೊತ್ತಾಗುತ್ತದೆ.

ಎರಡು, 1600 ಗಂಟೆಗೆ ಎಷ್ಟು ಯೂನಿಟ್ ಎಂಬ ಸಾಲು. ಇದನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಮುಂಚೆ ವ್ಯಾಟ್ ಸಾಲು ಸರಿಸಮ ಇದೆಯೇ ನೋಡಬೇಕು. ಯಾಕಂದರೆ ಕಡಿಮೆ ತಂಪು ಮಾಡುವ ಯಂತ್ರ ಕಡಿಮೆ ಯೂನಿಟ್ ತೋರಿಸಿಯೇ ತೋರಿಸುತ್ತದೆ. ಅದು ಉಳಿತಾಯ ಅಲ್ಲ. ಕೌಂಟರ್ ಮೇಲೆ ನಡೆಯುವ ಜಾಣತನ ಅರ್ಧಕ್ಕರ್ಧ ಇಲ್ಲೇ ನಡೆಯುತ್ತದೆ: "ನೋಡ್ರಿ ಸರ್, ಅವರದಕ್ಕಿಂತ ನಮ್ಮದು 40 ಯೂನಿಟ್ ಕಮ್ಮಿ." ವ್ಯಾಟ್ ಸಾಲಿನ ಮೇಲೆ ಮಾತಾಡುವವನ ಹೆಬ್ಬೆರಳು ಇರುತ್ತದೆ.

ವ್ಯಾಟ್ ಸಮ ಇದ್ದ ಒಂದೂವರೆ ಟನ್ ಇನ್ವರ್ಟರ್ ಎಸಿಗಳಲ್ಲಿ, 2022ರ ಪಟ್ಟಿಯ ಲೆಕ್ಕಕ್ಕೆ, ಮೂರು ಸ್ಟಾರ್‌ದು ಸುಮಾರು 975 ಯೂನಿಟ್, ಐದು ಸ್ಟಾರ್‌ದು ಸುಮಾರು 750. ವ್ಯತ್ಯಾಸ 225. ಯೂನಿಟ್‌ಗೆ ತೆರಿಗೆ ಬಿಟ್ಟು 6 ರೂಪಾಯಿ ಹಿಡಿದರೆ ವರ್ಷಕ್ಕೆ 1350 ರೂಪಾಯಿ. ಬೆಲೆಯಲ್ಲಿ ಎಂಟು ಸಾವಿರ ವ್ಯತ್ಯಾಸ ಇದ್ದರೆ ಆರು ವರ್ಷಕ್ಕೆ ಗಿಟ್ಟುತ್ತದೆ. ಇದು 1600 ಗಂಟೆ ಓಡಿಸುವವರ ಲೆಕ್ಕ. ಆ 1600 ಗಂಟೆ ಬಿಇಇಯವರು ದೇಶಕ್ಕೆಲ್ಲ ಒಂದೇ ಅಂತ ಹಿಡಿದದ್ದು, ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿವರೆಗೆ ಬದಲಾಗುತ್ತದೆ ಅಂತ ಹಂಚಿಕೊಂಡು. ಬೆಂಗಳೂರಲ್ಲಿ ಯಾರೂ ಅಷ್ಟು ಗಂಟೆ ಓಡಿಸಲಿಕ್ಕಿಲ್ಲ. ನಮ್ಮಲ್ಲಿ 43 ದಾಟಿದ ದಿನಗಳೂ ಬರುತ್ತವೆ, ಅದು ಲೆಕ್ಕದಲ್ಲೇ ಇಲ್ಲ.

ಬರೀ ರಾತ್ರಿ ಎಂಟು ಗಂಟೆ, ಅದೂ ಮೂರು ತಿಂಗಳು ಹಚ್ಚುವ ಮನೆಗೆ 720 ಗಂಟೆ ಆಗುತ್ತದೆ. ಉಳಿತಾಯ ವರ್ಷಕ್ಕೆ 600 ರೂಪಾಯಿ. ಎಂಟು ಸಾವಿರ ವಾಪಸ್ ಬರಲಿಕ್ಕೆ ಹದಿಮೂರು ವರ್ಷ. ಅಷ್ಟು ವರ್ಷ ಎಸಿ ಬಾಳಿದರೆ ದೊಡ್ಡದು. ದವಾಖಾನೆ, ಕೋಚಿಂಗ್ ಕ್ಲಾಸ್, ಬಂಗಾರದ ಅಂಗಡಿಯವರಿಗೆ ಹಾಗಲ್ಲ. ದಿನಕ್ಕೆ ಹತ್ತು ತಾಸು, ಎಂಟು ತಿಂಗಳು, ಅದರ ಮೇಲೆ ಕಮರ್ಷಿಯಲ್ ದರ ಮನೆಯ ದರಕ್ಕಿಂತ ಹೆಚ್ಚು. ಅವರಿಗೆ ನಾಲ್ಕು ವರ್ಷದೊಳಗೆ ಗಿಟ್ಟುತ್ತದೆ. ಅವರು ಮೂರು ಸ್ಟಾರ್ ಕೇಳಿದರೆ ನಾನು ಸುಮ್ಮನಿರುವುದಿಲ್ಲ. ಐದು ಸ್ಟಾರ್‌ಗೆ ನನಗೆ ಇನ್ಸೆಂಟಿವ್ ಜಾಸ್ತಿ ಅನ್ನೋದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಹಾಗಾದರೆ ರಾತ್ರಿ ಮಾತ್ರ ಹಚ್ಚುವ ಮನೆಗೆ ಮೂರು ಸ್ಟಾರ್ ಸಾಕೇ? ಇಲ್ಲೇ ಒಂದು ತಿರುವು ಇದೆ, ಸ್ಟಿಕರ್‌ಗೆ ಗೊತ್ತಿಲ್ಲದ್ದು. ಗೃಹಜ್ಯೋತಿ.

2023ರ ಆಗಸ್ಟ್ 5ರಂದು ಗೃಹಜ್ಯೋತಿಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ಅವತ್ತಿನಿಂದ ಎಸಿ ಕೊಳ್ಳಲು ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು, "ಫ್ರೀ ಕರೆಂಟ್ ಹೋಗ್ತದೇನ್ರಿ ಅಣ್ಣಾ?" ನಾನು ಹೇಳುವುದು, "ಮೊದ್ಲ ಜೆಸ್ಕಾಂ ಬಿಲ್ ತೋರಸ್ರಿ ಅಕ್ಕಾ." ಬಿಲ್ಲಿನ ಫೋಟೋ ಎಲ್ಲರ ಮೊಬೈಲಲ್ಲೂ ಇರುತ್ತದೆ.

ಒಂದು ಮನೆ ತಿಂಗಳಿಗೆ ಸರಾಸರಿ 80 ಯೂನಿಟ್ ಉರಿಸುತ್ತಿತ್ತು ಅಂದುಕೊಳ್ಳಿ. ಅವರಿಗೆ ಉಚಿತ ಸಿಗುವುದು ಹೆಚ್ಚುಕಡಿಮೆ 90 ಯೂನಿಟ್. ಅದರ ಮೇಲೆ ಉರಿಸಿದರೆ ಮೇಲಿನದಕ್ಕೆ ಮಾತ್ರ ದುಡ್ಡು. ಆದರೆ ತಿಂಗಳಿಗೆ 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಈಗ ಸ್ಟಿಕರ್ ಲೆಕ್ಕದಲ್ಲಿ ಮೂರು ಸ್ಟಾರ್ ಎಸಿ ರಾತ್ರಿ ಎಂಟು ತಾಸಿಗೆ ಸುಮಾರು 4.9 ಯೂನಿಟ್, ತಿಂಗಳಿಗೆ 146. ಮನೆಯ 80 ಸೇರಿದರೆ 226. ಗೆರೆ ದಾಟಿತು, 226 ಯೂನಿಟ್‌ಗೂ ಬಿಲ್, ಅಂದರೆ 1350 ರೂಪಾಯಿಯ ಮೇಲೆ. ಐದು ಸ್ಟಾರ್ ಆದರೆ ತಿಂಗಳಿಗೆ 112, ಮನೆಯದು ಸೇರಿ 192. ಗೆರೆಯ ಈಚೆಗೆ ಉಳಿಯಿತು, ಬಿಲ್ ಸುಮಾರು 100 ಯೂನಿಟ್‌ಗೆ ಮಾತ್ರ, 600 ರೂಪಾಯಿ. ಒಂದೇ ತಿಂಗಳಲ್ಲಿ 750 ರೂಪಾಯಿ ಅಂತರ. ಅಂಥ ಮೂರು ತಿಂಗಳು ಅಂದರೆ ವರ್ಷಕ್ಕೆ 2250. ಹದಿಮೂರು ವರ್ಷ ಅಂದದ್ದು ನಾಲ್ಕು ವರ್ಷಕ್ಕೆ ಬಂತು.

ಮನೆಯ ಸರಾಸರಿ 130 ಇದ್ದರೆ ಈ ಆಟ ನಡೆಯುವುದಿಲ್ಲ, ಯಾವ ಸ್ಟಾರ್ ಹಾಕಿದರೂ 200 ದಾಟುತ್ತದೆ. 40 ಇದ್ದರೆ ಯಾವುದು ಹಾಕಿದರೂ ದಾಟುವುದಿಲ್ಲ. ನಡುವಿನವರಿಗೆ ಮಾತ್ರ ಇದು. ಮೇ ತಿಂಗಳ ಬಿಸಿಲಿಗೆ ಸ್ಟಿಕರ್‌ನ ಅಂಕಿಗಿಂತ ಹೆಚ್ಚೇ ಉರಿಯುತ್ತದೆ, ಹಾಗಾಗಿ 192 ಅಂದದ್ದು ತುದಿಯಲ್ಲೇ ನಿಂತ ಲೆಕ್ಕ. ರಿಮೋಟ್ 18ಕ್ಕೆ ಇಟ್ಟು ಮೇಲೆ ಕೌದಿ ಹೊದೆಯುವ ಮನೆಯಾದರೆ ಈ ಲೆಕ್ಕ ಮರೆತುಬಿಡಿ. 2020ರ ಜನವರಿಯಿಂದ ಎಸಿ ಹಚ್ಚಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮ ಇದೆ, ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಉಳಿತಾಯ ಅಂತ ಬಿಇಇಯವರೇ ಹೇಳುತ್ತಾರೆ. ಫ್ಯಾನ್ ಹಚ್ಚಿ 26ಕ್ಕೆ ಇಡಿ.

ಹಾಂ, ಮೀಟರಿನ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಇದ್ದವರು ಅದನ್ನು ಏರಿಸಿಕೊಳ್ಳಬೇಕು. ಅದು ಸ್ಟಿಕರ್ ಮೇಲೂ ಇರುವುದಿಲ್ಲ, ಪ್ರಮೋಟರ್ ಬಾಯಲ್ಲೂ ಬರುವುದಿಲ್ಲ.

ಸ್ಟಿಕರ್ ಹೇಳದ ಇನ್ನೊಂದು ವಿಷಯ ಫಿಟಿಂಗ್. ಆ ಅಂಕಿಗಳೆಲ್ಲ ಲ್ಯಾಬಿನಲ್ಲಿ ಸರಿಯಾಗಿ ಕೂರಿಸಿದ ಯಂತ್ರದವು. ನಿಮ್ಮ ಮನೆಗೆ ಬರುವ ಹುಡುಗ ಸೀಸನ್‌ನಲ್ಲಿ ಬೆಳಗ್ಗೆಯಿಂದ ನಾಲ್ಕು ಮನೆ ಮುಗಿಸಿ ಬಂದಿರುತ್ತಾನೆ. ತಾಮ್ರದ ಪೈಪ್ ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎರಡನ್ನೂ ಎಳೆಯಬೇಕು. ಪಂಪ್ ಭಾರ, ಮೂರನೇ ಮಹಡಿ, ಹೊತ್ತು ಏರುವುದಿಲ್ಲ. ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿ ಕೆಲಸ ಮುಗಿಸುತ್ತಾರೆ. ಅವತ್ತು ತಣ್ಣಗೇ ಇರುತ್ತದೆ. ಎರಡನೇ ಬೇಸಿಗೆಗೆ ಗೊಣಗಾಟ ಶುರು. ಅದಕ್ಕೇ ನಾನು ಬಿಲ್ ಮಾಡುವಾಗಲೇ ಹೇಳುತ್ತೇನೆ, ಪಂಪ್ ಇಲ್ಲದೆ ಬಂದರೆ ಚಹಾ ಕುಡಿಸಿ ವಾಪಸ್ ಕಳಿಸ್ರಿ ಅಂತ. ಔಟ್‌ಡೋರನ್ನು ಪಶ್ಚಿಮದ ಗೋಡೆಗೆ, ಮೇಲೆ ನೆರಳಿಲ್ಲದೆ ಕೂರಿಸಿದರೂ ಅಷ್ಟೇ, ಐದು ಸ್ಟಾರ್ ತಂದದ್ದು ದಂಡ.

ಗೀಸರ್ ಮೇಲೂ ಇದೇ ಸ್ಟಿಕರ್ ಇರುತ್ತದೆ, ಅದಕ್ಕೆ ಮಾತ್ರ ನಾನು ಒಂದು ಸ್ಟಾರ್ ಕೊಡುತ್ತೇನೆ. ಅಲ್ಲಿ ಅಳೆಯುವುದು ಕಾಯಿಸಿದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ 24 ಗಂಟೆಯಲ್ಲಿ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ನಮ್ಮ ಮನೆಗಳಲ್ಲಿ ಗೀಸರ್ ಹಚ್ಚುವುದು ಕಾಲು ತಾಸು, ಸ್ನಾನಕ್ಕೆ ಹೋಗುವ ಮುಂಚೆ ಸ್ವಿಚ್ ಆಫ್. ಇಡೀ ದಿನ ಹಚ್ಚಿಡುವ ಲಾಡ್ಜ್‌ನವರಿಗೆ ಸರಿ, ಹತ್ತು ನಿಮಿಷಕ್ಕೊಮ್ಮೆ "ಗೀಸರ್ ಆಫ್ ಮಾಡಿದ್ಯಾ" ಅಂತ ಕೂಗುವ ಅವ್ವ ಇರುವ ಮನೆಗೆ ಆ ಸ್ಟಾರ್‌ಗೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥ ಇಲ್ಲ. ಸಾವಿರ ರೂಪಾಯಿ ಉಳಿಸಿ ನಮ್ಮೂರ ಗಡಸು ನೀರಿಗೆ ತಡೆಯುವ ಟ್ಯಾಂಕ್ ನೋಡಿ ತಗೊಳ್ಳಿ.

ಸ್ಟಿಕರ್ ಇಂಗ್ಲಿಷಿನಲ್ಲಿದೆ ಎಂಬುದಕ್ಕೆ ಅರ್ಧ ಸ್ಟಾರ್ ಕಳೆದಿದ್ದೇನೆ. ಅಕ್ಷರ ಸಣ್ಣದು ಎಂಬುದಕ್ಕೆ ಬೇರೆ ಕಳೆಯಲಿಲ್ಲ, ಮೊಬೈಲಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಬಹುದು. ಬಿಇಇಯದೇ ಒಂದು ಆ್ಯಪ್ ಇದೆ, ಮಾಡೆಲ್ ಹುಡುಕಿ ಎರಡು ಎಸಿಗಳನ್ನು ಹೋಲಿಸಬಹುದು. ಅಂಗಡಿಗೆ ಬರುವ ಮುಂಚೆ ಮನೆಯಲ್ಲೇ ಕೂತು ನೋಡಿಕೊಂಡು ಬಂದರೆ ನಿಮಗೂ ಒಳ್ಳೆಯದು, ನನ್ನ ಗಂಟಲಿಗೂ ಒಳ್ಳೆಯದು. ಬೆಲೆ 2025ರ ಸೆಪ್ಟೆಂಬರ್ 22ರಿಂದ ಇಳಿದಿದೆ, ಜಿಎಸ್‌ಟಿ 28ರಿಂದ 18ಕ್ಕೆ ಬಂದದ್ದರಿಂದ. ಹಳೇ ಬೆಲೆ ಹೇಳಿ ಡಿಸ್ಕೌಂಟ್ ಅನ್ನುವವರಿದ್ದರೆ ಬಿಲ್ಲಿನಲ್ಲಿ ತೆರಿಗೆ ಸಾಲು ನೋಡಿ.

ಲೆಕ್ಕ ಎಲ್ಲ ಹಾಕಿದ ಮೇಲೂ ಕೈಗೆ ಎಟುಕದಿದ್ದರೆ ನಾಚಿಕೆ ಬೇಡ. ನಮ್ಮದು ಒಣ ಬಿಸಿಲು. ಏಪ್ರಿಲ್, ಮೇ ಎರಡು ತಿಂಗಳು ಕಿಟಕಿಗೆ ಹಚ್ಚಿದ ದೊಡ್ಡ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೃಗಶಿರಾ ಮಳೆ ಬಿದ್ದು ಗಾಳಿ ಹಸಿಯಾಗುವವರೆಗೆ. ಕರೆಂಟೂ ಎಸಿಗಿಂತ ಬಹಳ ಕಡಿಮೆ ಸಾಕು. ನಮ್ಮ ಅಂಗಡಿಯಲ್ಲಿ ಕೂಲರ್‌ಗಳು ಮೆಟ್ಟಿಲಿನ ಪಕ್ಕದ ಸಾಲಿನಲ್ಲಿವೆ. ಅಲ್ಲಿಯವರೆಗೆ ನಾನು ಕರೆದುಕೊಂಡು ಹೋಗಲಾರೆ, ಅವು ನನ್ನ ಟಾರ್ಗೆಟ್‌ನಲ್ಲಿ ಬರುವುದಿಲ್ಲ.