ರೇಂಜ್‌ಶಿಫ್ಟ್‌ಆರ್ ವಿಮರ್ಶೆ: ಬಸವನಹುಳು ಸ್ವರ್ಣಾ ನದಿ ದಾಟುತ್ತಾ?

ಉಡುಪಿಯಲ್ಲಿ ಮಳೆ ಹಿಡಿಯಿತು ಅಂದರೆ ಆಫ್ರಿಕನ್ ಬಸವನಹುಳುವಿನ ಕಾಟ ಶುರು. ಬಾಳೆ, ಪಪ್ಪಾಯಿ, ತರಕಾರಿ, ಯಾವುದನ್ನೂ ಬಿಡುವುದಿಲ್ಲ. ಇದು ತೋಟದಿಂದ ತೋಟಕ್ಕೆ ಯಾವ ದಾರಿಯಲ್ಲಿ, ಎಷ್ಟು ಬೇಗ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡುವ ಆಸೆಯಿಂದ ರೇಂಜ್‌ಶಿಫ್ಟ್‌ಆರ್ ಹಾಕಿಕೊಂಡೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡುವ ಪ್ಯಾಕೇಜ್ ಇದು. ದುಡ್ಡು ಕೊಡಬೇಕಿಲ್ಲ. 2014ರಲ್ಲಿ ಬಂದ ರೇಂಜ್‌ಶಿಫ್ಟರ್ ಎಂಬ ತಂತ್ರಾಂಶವೇ 2021ರಲ್ಲಿ ಈ ರೂಪ ಪಡೆಯಿತು.

ಇದಕ್ಕೆಲ್ಲ ಸೂತ್ರ ಇದೆಯಲ್ಲ ಎಂದು ಗಣಿತ ಓದಿದವರು ಕೇಳಬಹುದು. ಇದೆ. 1937ರ ಫಿಶರ್ ಸಮೀಕರಣದ ಪ್ರಕಾರ ಹರಡುವ ವೇಗ ಅಂದರೆ ಸಂತಾನ ಬೆಳೆಯುವ ದರವನ್ನು ಚದುರುವ ದರದಿಂದ ಗುಣಿಸಿ, ವರ್ಗಮೂಲ ತೆಗೆದು, ಎರಡು ಪಟ್ಟು ಮಾಡಿದರೆ ಬರುವ ಸಂಖ್ಯೆ. 1905ರಲ್ಲಿ ಪ್ರಾಗ್ ಹತ್ತಿರ ಬಿಟ್ಟ, ನೀರಿನ ಬಳಿ ಬದುಕುವ ಇಲಿಯಂಥ ಪ್ರಾಣಿಗಳಾದ ಮಸ್ಕ್‌ರ‍್ಯಾಟ್‌ಗಳು ಯುರೋಪಿನಲ್ಲಿ ಹರಡಿದ್ದನ್ನು 1951ರಲ್ಲಿ ವಿಜ್ಞಾನಿ ಸ್ಕೆಲಮ್ ಇದೇ ದಾರಿಯಲ್ಲಿ ವಿವರಿಸಿದರು. ಚೆಂದದ ಗಣಿತ. ಆದರೆ ಅದರಲ್ಲಿ ನೆಲವೆಲ್ಲ ಒಂದೇ ತರ. ನಮ್ಮಲ್ಲಿ ಒಂದು ಕಿಲೋಮೀಟರ್ ನಡೆದರೆ ಅಡಿಕೆ ತೋಟ, ಗದ್ದೆ, ಮುರಕಲ್ಲಿನ ಬೋಳು ಗುಡ್ಡ, ಒಂದು ತೋಡು, ಮತ್ತೆ ಕಾಂಕ್ರೀಟ್ ಅಂಗಳ, ಎಲ್ಲ ಸಿಗುತ್ತದೆ. ಒಳ್ಳೆ ಜಾಗ, ಕೆಟ್ಟ ಜಾಗ ಪಟ್ಟೆ ಪಟ್ಟೆಯಾಗಿದ್ದರೆ ಏನಾಗುತ್ತದೆ ಎಂದು ಜಪಾನಿನ ಶಿಗೆಸಾದ ಮತ್ತು ಜೊತೆಗಾರರು 1986ರಲ್ಲೇ ಲೆಕ್ಕ ಮಾಡಿದ್ದಾರೆ. ಕೆಟ್ಟ ಪಟ್ಟೆಗಳು ತೀರಾ ಕೆಟ್ಟದ್ದಾದರೆ ಜೀವಿ ಹರಡುವ ಅಲೆ ಮುಂದೆ ಹೋಗುವುದೇ ಇಲ್ಲ. ಆದರೆ ನಿಜವಾದ ಊರು ಪಟ್ಟೆಯಂತೆ ಇರುವುದಿಲ್ಲ ಅಲ್ವಾ? ಅಲ್ಲಿ ಈ ಪ್ಯಾಕೇಜ್ ಕೆಲಸಕ್ಕೆ ಬರುತ್ತದೆ. ನಿಮ್ಮದೇ ನಕ್ಷೆ ಕೊಡಿ, ಒಂದೊಂದು ಹುಳುವನ್ನೂ ಬೇರೆ ಬೇರೆಯಾಗಿ ಓಡಿಸುತ್ತದೆ: ಹುಟ್ಟು, ಮನೆ ಬಿಡುವುದು, ಹೊಸ ಜಾಗದಲ್ಲಿ ನೆಲೆ ನಿಲ್ಲುವುದು, ಸಾವು.

ಇನ್‌ಸ್ಟಾಲ್ ಮಾಡುವಾಗ ಸ್ವಲ್ಪ ತಾಳ್ಮೆ ಬೇಕು. ಗಿಟ್‌ಹಬ್‌ನಿಂದ ಇಳಿಸಬೇಕು, ವಿಂಡೋಸ್ ಆದರೆ ಮೊದಲು ಆರ್‌ಟೂಲ್ಸ್ ಎಂಬ ಸಹಾಯಕ ತಂತ್ರಾಂಶ ಹಾಕಿಕೊಳ್ಳಿ. ಇನ್‌ಪುಟ್, ಔಟ್‌ಪುಟ್, ನಕ್ಷೆಗಳಿಗೆ ಬೇರೆ ಬೇರೆ ಫೋಲ್ಡರ್, ಅದೂ ಅದು ಹೇಳಿದ ಹೆಸರಿನಲ್ಲೇ ಇರಬೇಕು.

ನಿಜವಾದ ಕೆಲಸ ನಕ್ಷೆಯದ್ದು. ಉಪಗ್ರಹದ ಉಚಿತ ನಕ್ಷೆಗಳು ಸಿಗುತ್ತವೆ, 10 ಮೀಟರ್ ಚೌಕದ ವರ್ಲ್ಡ್‌ಕವರ್ ಕೂಡ. ಆದರೆ ಅದಕ್ಕೆ ಅಡಿಕೆ ತೋಟವೂ ಮರ, ಕಾಡೂ ಮರ. ಹುಳುವಿಗೆ ಎರಡೂ ಒಂದೇನಾ? ನೀರು ಹಾಯಿಸಿದ ತೋಟ ಅದಕ್ಕೆ ಸ್ವರ್ಗ. ಹಾಗಾಗಿ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೂತು ತೋಟಗಳನ್ನು ಕೈಯಲ್ಲೇ ಬಿಡಿಸಿದೆ. ಪ್ಯಾಕೇಜ್ ಬಗ್ಗೆ ಬರೆಯುವವರು ಯಾರೂ ಈ ಭಾಗ ಹೇಳುವುದಿಲ್ಲ, ಸಮಯ ಹೋಗುವುದೆಲ್ಲ ಇಲ್ಲೇ.

ಈಗ ನನ್ನ ದೊಡ್ಡ ತಕರಾರು. ಹುಳು ಹೋಗುವ ರೀತಿಗೆ ಮುಖ್ಯವಾಗಿ ಎರಡು ಆಯ್ಕೆ ಇವೆ. ಒಂದು ಕರ್ನಲ್: ಹೊರಟ ಹುಳು ಎಷ್ಟು ದೂರ ಹೋಗಿ ಬೀಳುತ್ತದೆ ಎಂಬ ಸಂಭವದ ರೇಖೆ. ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಎರಡು ಕರ್ನಲ್ ಬೆರೆಸಲೂ ಬರುತ್ತದೆ. ಇನ್ನೊಂದು ಎಸ್‌ಎಂಎಸ್ (ಸ್ಟೊಕ್ಯಾಸ್ಟಿಕ್ ಮೂವ್‌ಮೆಂಟ್ ಸಿಮ್ಯುಲೇಟರ್) ಎಂಬ ವಿಧಾನ. ಇದರಲ್ಲಿ ಹುಳು ಚೌಕದಿಂದ ಚೌಕಕ್ಕೆ ನಡೆಯುತ್ತದೆ, ಕಷ್ಟದ ನೆಲಕ್ಕೆ ಜಾಸ್ತಿ ಖರ್ಚು. ಲೆಕ್ಕಕ್ಕಾಗಿ ಹುಳುಗಳನ್ನು ಸ್ವರ್ಣಾ ನದಿಯ ದಕ್ಷಿಣ ದಡದಲ್ಲಿ ಮಾತ್ರ ಇಟ್ಟು ಎರಡನ್ನೂ ಓಡಿಸಿದೆ. ಕರ್ನಲ್‌ನಲ್ಲಿ ಹುಳು ಆರಾಮಾಗಿ ಆಚೆ ದಡಕ್ಕೆ ಬಂತು. ಯಾಕಂದರೆ ಕರ್ನಲ್‌ಗೆ ಹೊರಟ ಜಾಗ, ಬಿದ್ದ ಜಾಗ ಎರಡೇ ಗೊತ್ತು. ನಡುವೆ ನದಿ ಇದೆಯೋ ಗುಡ್ಡ ಇದೆಯೋ ಅದಕ್ಕೆ ಬೇಕಿಲ್ಲ. ಎಸ್‌ಎಂಎಸ್‌ನಲ್ಲಿ ನದಿಗೆ ಭಾರೀ ಖರ್ಚು ಹಾಕಿದೆ, ಹುಳು ದಡದಲ್ಲೇ ನಿಂತಿತು. ನಿಜದಲ್ಲಿ ಹುಳು ನದಿ ದಾಟುವುದು ಕಲ್ಯಾಣಪುರದ ಸೇತುವೆ ಮೇಲೆ, ನರ್ಸರಿ ಗಿಡ, ಮಣ್ಣು, ಕಲ್ಲು ತುಂಬಿದ ಲಾರಿಯಲ್ಲಿ ಕೂತು. ತೋಟದೊಳಗೆ ನಡಿಗೆ, ಹೈವೇಯಲ್ಲಿ ಲಾರಿ. ಈ ಎರಡನ್ನೂ ಒಂದೇ ಓಟದಲ್ಲಿ ಸೇರಿಸಲು ಬರುವುದಿಲ್ಲ. ಒಂದನ್ನು ಆರಿಸಲೇಬೇಕು.

ಒಂದು ಅಡ್ಡದಾರಿ ಇದೆ. ಯಾವ ವರ್ಷ, ಯಾವ ಚೌಕದಲ್ಲಿ ಎಷ್ಟು ಹುಳು ಇಳಿಸಬೇಕು ಎಂಬ ಫೈಲ್ ಕೊಡಬಹುದು. ಎಸ್‌ಎಂಎಸ್ ಓಡಿಸಿ, ಲಾರಿಯ ಹುಳುಗಳನ್ನು ಈ ಫೈಲ್‌ನಲ್ಲಿ ಉತ್ತರ ದಡದ ನರ್ಸರಿ ಪಕ್ಕ ಇಳಿಸಿದೆ. ಕೆಲಸ ಆಯಿತು. ಆದರೆ ಲಾರಿ ಯಾವಾಗ ಬರುತ್ತದೆ ಎಂದು ನಾನೇ ಹೇಳಿದ ಮೇಲೆ ಅದು ಪ್ಯಾಕೇಜ್ ಕೊಟ್ಟ ಉತ್ತರ ಹೇಗಾಗುತ್ತದೆ? ಕಾಗದದ ಮೇಲೆ ಕಾಣುವ ಒಂದು ಸಾಧ್ಯತೆ, ಅಷ್ಟೇ.

ಮಳೆಗಾಲದ ವಿಷಯದಲ್ಲೂ ಕೊರತೆ ಇದೆ. ಬೇಸಿಗೆಯಲ್ಲಿ ಈ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ನಕ್ಷೆಯನ್ನು ವರ್ಷದಿಂದ ವರ್ಷಕ್ಕೆ ಬದಲಿಸಬಹುದು, ಗದ್ದೆ ತೋಟವಾಗಿದ್ದನ್ನು ತೋರಿಸಲು ಅದು ಬಹಳ ಒಳ್ಳೆಯದು. ಜೂನ್‌ಗೊಂದು, ಮಾರ್ಚ್‌ಗೊಂದು ನಕ್ಷೆ ಕೊಡಲು ಆಗುವುದಿಲ್ಲ. ಇನ್ನೊಂದು ಕಡೆ, ಪ್ರತಿ ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಇರುವುದರಿಂದ ಲಿಂಗ ಬಿಟ್ಟು ಎಣಿಸುವ ಸರಳ ಆಯ್ಕೆ ಸಾಕಾಗುತ್ತದೆ.

ಯಾರು ಹಾಕಿಕೊಳ್ಳಬೇಕು? ಆರ್ ಗೊತ್ತಿರುವ ಎಂಎಸ್ಸಿ, ಪಿಎಚ್‌ಡಿ ಮಕ್ಕಳು ಖಂಡಿತ. ಈ ಜೀವಿ ಎಲ್ಲೆಲ್ಲಿ ಬದುಕಬಹುದು ಎಂದಷ್ಟೇ ತಿಳಿಯಬೇಕಾದರೆ ಅದನ್ನೇ ಲೆಕ್ಕ ಹಾಕುವ ಮ್ಯಾಕ್ಸೆಂಟ್ ಎಂಬ ತಂತ್ರಾಂಶ ಸಾಕು, ಇಷ್ಟು ಒದ್ದಾಟ ಬೇಡ. ಯಾವಾಗ, ಯಾವ ದಾರಿಯಲ್ಲಿ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಇದು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಅಂಕ. ನಮ್ಮ ಕಡೆ ಮಳೆಗಾಲದ ರಾತ್ರಿ ಹುಳುವಿಗೆ ಗುರುತು ಹಾಕಿ, ಟೇಪ್ ಹಿಡಿದು ಎಷ್ಟು ದೂರ ಹೋಯಿತು ಎಂದು ಅಳೆದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ, ನನಗೆ ಈಗ ಬೇಕಾಗಿರುವುದು ಆ ಅಂಕಿಯೇ.